ಯಾವೂರು ಮೀನಪ್ಪಾ ನಿಂದು? ಮಂಡ್ಯದಿಂದ ಮುತ್ತತ್ತಿವರೆಗೆ ಒಂದು ದಿನ

ಮಂಡ್ಯದ ಕಡೆ ಯಾರದೇ ಮನೆಗೆ ಹೋಗಿ, ಕುಡಿಯೋಕೆ ನೀರು ಕೊಡೋದರ ಜೊತೆಗೇ ಒಂದು ಪ್ರಶ್ನೆ ಬರುತ್ತೆ: "ಯಾವೂರಾಯ್ತು ನಿಮ್ದು?" ಊರು ಹೇಳಿದರೆ ಸಾಲದು. ಯಾವ ಹೋಬಳಿ, ಯಾರ ಮನೆ ಕಡೆಯವರು ಅನ್ನೋವರೆಗೂ ಹೋಗುತ್ತೆ. ನಾವು ಬಾಯಿ ಬಿಟ್ಟ ತಕ್ಷಣವೇ ಕೆಲವರು ಹೇಳಿಬಿಡ್ತಾರೆ, "ನೀವು ಮಳವಳ್ಳಿ ಕಡೆಯವರು ಅಲ್ವಾ" ಅಂತ. ಮಾತಿನ ಧಾಟಿಯಲ್ಲೇ ಊರು ಗೊತ್ತಾಗುತ್ತೆ.

ಮನುಷ್ಯರಿಗೆ ಮಾತು ಇದೆ, ಸರಿ. ಪ್ರಾಣಿಗಳಿಗೆ ಈ ಪ್ರಶ್ನೆ ಕೇಳೋದು ಹೇಗೆ? ಒಂದು ಡಾಲ್ಫಿನ್ ಸತ್ತು ದಡಕ್ಕೆ ಬಂದು ಬಿದ್ದಿದೆ ಅಂದ್ಕೊಳ್ಳಿ. ಅದು ಈ ಕಡಲಿನದೋ, ದೂರದ ಇನ್ನೊಂದು ಕಡಲಿನದೋ? ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕುವ ದಾರಿಗಳಲ್ಲಿ ಒಂದು ತುಂಬಾ ಮಜವಾಗಿದೆ. ಅದರ ಕಿವಿಯ ಮೂಳೆಯನ್ನು ಅಳೆಯೋದು.

"ಮಂಡ್ಯದಲ್ಲಿ ಡಾಲ್ಫಿನ್ ಎಲ್ಲಿಂದ ಬಂತು ಮಾರಾಯ" ಅಂತ ನಗಬೇಡಿ. ಡಾಲ್ಫಿನ್ ಇಲ್ಲ. ಆದರೆ ಅದೇ ಪ್ರಶ್ನೆ ಇಲ್ಲಿನ ಕಾವೇರಿಯಲ್ಲಿ ಒಂದು ದೊಡ್ಡ ಮೀನಿನ ಅಳಿವು ಉಳಿವಿನ ಪ್ರಶ್ನೆಯಾಗಿದೆ. ಮಂಡ್ಯ, ಮದ್ದೂರು, ಮಳವಳ್ಳಿ ದಾಟಿ ಮುತ್ತತ್ತಿ ತನಕ ಹೋಗುವ ಒಂದು ದಿನದ ದಾರಿಯಲ್ಲಿ ಆ ಕಥೆ ಇದೆ. ಈ ವೀಕೆಂಡ್ ಆ ದಾರಿ ಹಿಡಿಯೋಣ ಬನ್ನಿ.

ಮೊದಲು, ಕಿವಿಯೇ ಯಾಕೆ?

ಎರಡು ಊರಿನ ಜನರ ಮೈಕಟ್ಟು ಹೋಲಿಸಬೇಕು ಅಂದ್ರೆ ಹೊಟ್ಟೆಯ ಸುತ್ತಳತೆ ತಗೊಂಡ್ರೆ ಪ್ರಯೋಜನ ಇಲ್ಲ. ಅದು ಊರನ್ನು ಹೇಳಲ್ಲ, ವರ್ಕ್ ಫ್ರಮ್ ಹೋಮ್ ಎಷ್ಟು ವರ್ಷ ಅಂತ ಹೇಳುತ್ತೆ. ವಯಸ್ಸಿನ ಜೊತೆ, ಊಟದ ಜೊತೆ ಬದಲಾಗದ ಅಂಗ ಬೇಕು. ಡಾಲ್ಫಿನ್‌ನಲ್ಲಿ ಅಂಥದ್ದು ಕಿವಿಯ ಮೂಳೆ. ಮರಿ ಹುಟ್ಟುವಾಗಲೇ ಅದು ಹೆಚ್ಚು ಕಡಿಮೆ ದೊಡ್ಡ ಪ್ರಾಣಿಯದರಷ್ಟೇ ಗಾತ್ರಕ್ಕೆ ಬೆಳೆದಿರುತ್ತೆ. ಆದ್ದರಿಂದ ಮರಿಯ ಮೂಳೆಯನ್ನೂ ಮುದಿ ಪ್ರಾಣಿಯ ಮೂಳೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಈ ಮೂಳೆಯಲ್ಲಿ ಎರಡು ಭಾಗ. ಒಂದು ಟೊಳ್ಳಾದ ಕವಡೆಯ ಹಾಗೆ ಇರುವ ಟಿಂಪ್ಯಾನಿಕ್, ಇನ್ನೊಂದು ಒಳಗಿವಿಯನ್ನು ಹೊತ್ತ ಗಟ್ಟಿಗುಂಡು ಪೆರಿಯಾಟಿಕ್. ಇಡೀ ದೇಹದಲ್ಲೇ ತುಂಬಾ ಸಾಂದ್ರವಾದ ಮೂಳೆಗಳಿವು. ನಮ್ಮಲ್ಲಿರುವ ಹಾಗೆ ತಲೆಬುರುಡೆಗೆ ಭದ್ರವಾಗಿ ಬೆಸೆದುಕೊಂಡಿರಲ್ಲ, ಪಟ್ಟಿಯಂಥ ಅಂಗಾಂಶಗಳಲ್ಲಿ ತೂಗುಬಿದ್ದ ಹಾಗೆ ಇರುತ್ತವೆ. ನೀರಿನಲ್ಲಿ ಶಬ್ದ ಯಾವ ಕಡೆಯಿಂದ ಬಂತು ಅಂತ ತಿಳಿಯೋಕೆ ಈ ಬಿಡಿಬಿಡಿತನ ಬೇಕು. ಡಾಲ್ಫಿನ್ ಸದ್ದು ಹೊರಡಿಸಿ ಅದರ ಪ್ರತಿಧ್ವನಿ ಕೇಳಿ ದಾರಿ ಹುಡುಕುವ ಪ್ರಾಣಿ. ಕಿವಿಯೇ ಅದರ ಕಣ್ಣು.

ಅಳತೆ ಮಾಡೋ ಉಪಕರಣ ಇಂಜಿನಿಯರಿಂಗ್ ಓದಿದ ಎಲ್ಲರಿಗೂ ಗೊತ್ತಿರೋದೇ: ವರ್ನಿಯರ್ ಕ್ಯಾಲಿಪರ್. ಮೊದಲ ವರ್ಷದ ಲ್ಯಾಬಿನಲ್ಲಿ ನಾವು ಬೇಜಾರಿನಿಂದ ಉಕ್ಕಿನ ಗುಂಡು ಅಳೆದು ರೆಕಾರ್ಡ್ ಬರೆದೆವಲ್ಲ, ಅದೇ. ಮೂಳೆಯ ಉದ್ದ, ಅಗಲ, ಒಳಗಿವಿಯ ಉಬ್ಬಿನ ಅಳತೆ, ಹೀಗೆ ಹತ್ತಾರು ಸಂಖ್ಯೆಗಳನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ತೆಗೀತಾರೆ. ಒಂದೊಂದು ಪ್ರದೇಶದ ಸಾಕಷ್ಟು ಮೂಳೆಗಳ ಅಳತೆ ಸೇರಿದ ಮೇಲೆ ಲೆಕ್ಕ ಹಾಕಿ ನೋಡ್ತಾರೆ, ಗುಂಪುಗಳು ಬೇರೆ ಬೇರೆ ನಿಲ್ಲುತ್ತವಾ, ಕಲಸಿಹೋಗುತ್ತವಾ ಅಂತ. ಜಪಾನಿನ ತೋಶಿಯೊ ಕಸುಯಾ 1973ರಲ್ಲೇ ಹಲ್ಲಿರುವ ತಿಮಿಂಗಿಲ ಮತ್ತು ಡಾಲ್ಫಿನ್‌ಗಳನ್ನು ಕಿವಿಯ ಮೂಳೆಯ ಆಕಾರದ ಮೇಲೆ ವಿಂಗಡಿಸಿ ದೊಡ್ಡ ಅಧ್ಯಯನ ಪ್ರಕಟಿಸಿದ್ದರು.

ಇದೆಲ್ಲ ಯಾರಿಗೆ ಬೇಕು ಅಂತೀರಾ? ಗಂಗಾ ಡಾಲ್ಫಿನ್ ನಮ್ಮ ರಾಷ್ಟ್ರೀಯ ಜಲಚರ, 2009ರಿಂದ. ಅದನ್ನೂ ಸಿಂಧೂ ನದಿಯ ಡಾಲ್ಫಿನ್ನನ್ನೂ ಬಹಳ ಕಾಲ ಒಂದೇ ಅಂತ ಎಣಿಸ್ತಾ ಇದ್ದರು. ತಲೆಬುರುಡೆಯ ಅಳತೆ ಮತ್ತು ಡಿಎನ್‌ಎ ಎರಡನ್ನೂ ನೋಡಿ 2021ರಲ್ಲಿ ಎರಡೂ ಬೇರೆ ಪ್ರಭೇದ ಅಂದರು. ನಮ್ಮ ಕಾರವಾರದ ಕಡಲಿನಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ಕಥೆಯೂ ಹಾಗೇ. 2014ರ ಪರಿಷ್ಕರಣೆಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಒಟ್ಟು ನಾಲ್ಕು ಪ್ರಭೇದ ಅಂತಾಯ್ತು, ನಮ್ಮ ಪಶ್ಚಿಮ ಕರಾವಳಿಯದು ಅವುಗಳಲ್ಲೊಂದು. ಒಂದು ಅಂತ ಎಣಿಸಿದ್ದು ಎರಡಾದರೆ, ಒಂದೊಂದರ ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಅಂತ ಅರ್ಥ. ಒಂದು ಕಡೆ ಅಳಿದರೆ ಇನ್ನೊಂದು ಕಡೆಯಿಂದ ತಂದು ತುಂಬೋಕೆ ಆಗಲ್ಲ ಅಂತಲೂ ಅರ್ಥ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಈಗ ಮಂಡ್ಯಕ್ಕೆ ಹೋಗೋಣ.

ಮಂಡ್ಯ: ಗಂಗೆಯ ಮೀನು, ಕಾವೇರಿಯ ಸಾರು

ಮಂಡ್ಯ ಅಂದ್ರೆ ಕಬ್ಬು, ಬೆಲ್ಲ, ಆಲೆಮನೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಈ ಬಯಲನ್ನು ಹಸಿರು ಮಾಡಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ನಾಲೆಯ ನೀರು ಕೆರೆ ತುಂಬಿತು, ಕೆರೆಗೆ ಮೀನು ಮರಿ ಬಂತು. ಭಾನುವಾರ ಬೆಳಗ್ಗೆ ಮೀನಿನ ಅಂಗಡಿ ಮುಂದೆ ನಿಂತರೆ ಹಲಗೆ ಮೇಲೆ ಸಾಲಾಗಿ ಕಾಟ್ಲಾ, ರೋಹು, ಮೃಗಾಲ್.

"ಎಲ್ಲೀದಣ್ಣ ಮೀನು?" ಅಂತ ಕೇಳಿದೆ.

"ಇಲ್ಲೇಯ, ಕೆರೇದು. ನಮ್ದೇ ಮೀನು ಕನ ಸಾ" ಅಂದರು ಅಂಗಡಿಯವರು.

ಮಾತು ಸುಳ್ಳಲ್ಲ, ಬೆಳೆದದ್ದು ಇಲ್ಲೇ. ಆದರೆ ಈ ಮೂರೂ ಗೆಂಡೆಗಳ ತವರು ಉತ್ತರದ ಗಂಗೆಯ ಬಯಲು. ಬೇಗ ಬೆಳೆಯುತ್ತವೆ, ರುಚಿ ಇದೆ ಅಂತ ದಕ್ಷಿಣದ ಕೆರೆಗಳಿಗೆಲ್ಲ ತಂದು ಬಿಟ್ಟರು. ಕೆರೆಯಲ್ಲಿ ಸಾಕಿ ತಿನ್ನೋದಕ್ಕೆ ಇದು ಒಳ್ಳೆಯದೇ, ಸಾವಿರಾರು ಮನೆಗಳ ಅನ್ನ. ಗಂಗಾ ಡಾಲ್ಫಿನ್ ಮಂಡ್ಯಕ್ಕೆ ಬರಲಿಲ್ಲ, ಅದು ಈಜಾಡುವ ನದಿಯ ಮೀನುಗಳು ಮಾತ್ರ ಬಂದು ನಮ್ಮ ಮುದ್ದೆಗೆ ಸಾರಾದವು.

ಮೀನಿಗೂ ಕಿವಿ ಇದೆ, ಹೊರಗೆ ಕಾಣಲ್ಲ ಅಷ್ಟೇ. ತಲೆಯೊಳಗೆ ಮೂರು ಜೊತೆ ಕಿವಿಗಲ್ಲುಗಳಿರುತ್ತವೆ. ಸುಣ್ಣದ ಅಂಶದಿಂದ ಆದ ಬಿಳಿ ಹರಳುಗಳು. ಸಮುದ್ರದ ಕೆಲವು ಮೀನುಗಳಲ್ಲಿ ಬೆರಳಲ್ಲಿ ಎತ್ತುವಷ್ಟು ದೊಡ್ಡವು, ಗೆಂಡೆಯಲ್ಲಿ ಅಕ್ಕಿನುಚ್ಚಿನಷ್ಟು. ಮರದ ಕಾಂಡದಲ್ಲಿ ಇರುವ ಹಾಗೆ ಇದರಲ್ಲೂ ಪದರ ಪದರವಾಗಿ ಉಂಗುರಗಳು. ಎಣಿಸಿದರೆ ವಯಸ್ಸು ಸಿಗುತ್ತೆ. ಆ ಮೀನು ಬೆಳೆದ ನೀರಿನ ರಾಸಾಯನಿಕ ಗುರುತು ಪದರಗಳಲ್ಲಿ ಉಳಿದಿರುತ್ತೆ. ಆಕಾರ ಅಳೆದರೆ ಒಂದು ನೀರಿನ ಮೀನನ್ನು ಇನ್ನೊಂದು ನೀರಿನ ಮೀನಿನಿಂದ ಬೇರೆ ಮಾಡಬಹುದು. ಡಾಲ್ಫಿನ್ನಿಗೆ ಮೂಳೆ, ಮೀನಿಗೆ ಕಲ್ಲು. ಎರಡೂ ಹೇಳೋದು ಊರಿನ ಹೆಸರನ್ನೇ.

ಗೆಂಡೆ ಜಾತಿಯ ಮೀನಿಗೆ ಇನ್ನೊಂದು ಸೌಲಭ್ಯ ಉಂಟು. ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಪುಟ್ಟ ಮೂಳೆಗಳ ಸರಪಳಿ. ಜರ್ಮನಿಯ ಎರ್ನ್ಸ್ಟ್ ವೆಬರ್ 1820ರಲ್ಲಿ ವಿವರಿಸಿದ್ದರಿಂದ ಅವಕ್ಕೆ ವೆಬರ್ ಮೂಳೆಗಳು ಅಂತಲೇ ಹೆಸರು. ನೀರಿನ ಕಂಪನಕ್ಕೆ ಗಾಳಿಚೀಲ ತಮಟೆಯ ಹಾಗೆ ಅದುರುತ್ತೆ, ಆ ಅದುರು ಕಿವಿಗೆ ಮುಟ್ಟುತ್ತೆ. ದಡದಲ್ಲಿ ಹೆಜ್ಜೆ ಇಟ್ಟರೆ ಕೆರೆ ಮೀನು ಚದುರೋದು ಸುಮ್ಮನೆ ಅಲ್ಲ.

ಮದ್ದೂರು: ವಡೆ ಮತ್ತು ಶಿಂಷೆ

2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಮದ್ದೂರು ಕಣ್ಣಿಗೇ ಬೀಳಲ್ಲ. ಬೆಂಗಳೂರಿಂದ ಮೈಸೂರಿಗೆ ಒಂದೇ ಉಸಿರಲ್ಲಿ ಹೋಗೋರಿಗೆ ಇದೊಂದು ಬೋರ್ಡು ಅಷ್ಟೇ. ದಯವಿಟ್ಟು ಇಳಿದು ಊರೊಳಗೆ ಹೋಗಿ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಕರಿಬೇವು ಕಲಸಿ ಕೈಯಲ್ಲೇ ತಟ್ಟಿ ಕರಿದ ಬಿಸಿ ವಡೆ ತಿನ್ನಿ. ಬೆಂಗಳೂರಿನ ಬೇಕರಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸಿಗೋದಕ್ಕೂ ಇದೇ ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟು ಕಚ್ಚಿ ನೋಡಿ, ಪ್ರಭೇದ ಬೇರೆ ಅಂತ ನಿಮಗೇ ಅನ್ನಿಸುತ್ತೆ.

ಊರಿನ ಪಕ್ಕದಲ್ಲೇ ಹರಿಯೋದು ಶಿಂಷೆ. ತುಮಕೂರಿನ ದೇವರಾಯನದುರ್ಗದ ಕಡೆ ಹುಟ್ಟಿ, ಮಾರ್ಕೋನಹಳ್ಳಿ ಅಣೆಕಟ್ಟೆ ದಾಟಿ, ಮದ್ದೂರು ಮುಟ್ಟಿ, ಶಿವನಸಮುದ್ರದ ಕೆಳಗೆ ಕಾವೇರಿಗೆ ಸೇರುತ್ತೆ. ಮಳೆಗಾಲ ಬಿಟ್ಟರೆ ಸಣಕಲು ಹೊಳೆ. ಮರಳು ತೆಗೆದ ಗುಂಡಿಗಳು ಸೇತುವೆ ಮೇಲಿಂದಲೇ ಕಾಣುತ್ತವೆ.

ಇದರ ದಡದ ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನದೇ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಹಕ್ಕಿಗಳು ವರ್ಷವರ್ಷ ಬಂದು ಊರೊಳಗಿನ ಹುಣಸೆ ಮರಗಳಲ್ಲಿ, ಮನೆ ಹಿತ್ತಲಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ಕಾಣ್ತಾರೆ. ಜನವರಿಯಿಂದ ಮೇ ಒಳಗೆ ಹೋದರೆ ತಲೆ ಮೇಲೆ ಟೋಪಿ ಇರಲಿ, ಯಾಕೆ ಅಂತ ಮರದ ಕೆಳಗೆ ನಿಂತರೆ ಗೊತ್ತಾಗುತ್ತೆ. ಹಕ್ಕಿಗೆ ರೆಕ್ಕೆ ಇದೆ. ಈ ಕೆರೆ ಬತ್ತಿದರೆ ಆ ಕೆರೆಗೆ ಹಾರುತ್ತೆ. ಮೀನಿಗೆ ನದಿಯೇ ಪ್ರಪಂಚ.

ಮಳವಳ್ಳಿ ದಾಟಿ ಬ್ಲಫ್: ನದಿಗೊಂದು ಗೋಡೆ

ಮದ್ದೂರಿನಿಂದ ಮಳವಳ್ಳಿಗೆ, ಅಲ್ಲಿಂದ ಶಿವನಸಮುದ್ರಕ್ಕೆ. ಬಸ್ಸಿನವರನ್ನು ಕೇಳುವಾಗ "ಬ್ಲಫ್" ಅಂದರೆ ಸಾಕು, ಬ್ರಿಟಿಷರ ಕಾಲದ ಆ ಹೆಸರೇ ಈಗಲೂ ಬಳಕೆಯಲ್ಲಿದೆ. ಇಲ್ಲಿ ಕಾವೇರಿ ಎರಡಾಗಿ ಒಡೆದು ಧುಮುಕುತ್ತಾಳೆ. ಗಗನಚುಕ್ಕಿ ನಮ್ಮ ಮಂಡ್ಯದ ಕಡೆಗೆ, ಭರಚುಕ್ಕಿ ಚಾಮರಾಜನಗರದ ಕಡೆಗೆ. ಎತ್ತರ ಸುಮಾರು 98 ಮೀಟರ್.

ಈ ಧುಮುಕು ನೀರಿನಿಂದಲೇ 1902ರಲ್ಲಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಬೆಂಗಳೂರಿನ ನಲ್ಲಿಗೆ ಕಾವೇರಿ ನೀರು ಪಂಪ್ ಆಗೋದೂ ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಫ್ಲಾಟಿನಲ್ಲಿ ಶವರ್ ಕೆಳಗೆ ನಿಂತಾಗ ನಾವು ಈ ನದಿಯ ಕೆಳಗೇ ನಿಂತಿರ್ತೀವಿ. ಇಲ್ಲಿನ ಮೀನಿನ ಕಥೆ ನಮಗೆ ಸಂಬಂಧ ಇಲ್ಲದ್ದಲ್ಲ.

ಮೀನಿನ ಕಣ್ಣಿಂದ ನೋಡಿದರೆ ಈ ಜಲಪಾತ ಬೇರೆ ಥರ ಕಾಣುತ್ತೆ. ಅದು ಗೋಡೆ. ಮೇಲಿನ ಮೀನು ಪ್ರವಾಹದಲ್ಲಿ ಕೆಳಗೆ ಬೀಳಬಹುದು, ಕೆಳಗಿನದು ಎಂದೂ ಮೇಲೆ ಹತ್ತಲಾರದು. ಇಂಥ ಗೋಡೆಗಳು, ನದಿ ನದಿಗಳ ನಡುವಿನ ಬೆಟ್ಟದ ಸಾಲುಗಳು ಲಕ್ಷಾಂತರ ವರ್ಷ ನಿಂತರೆ ಎರಡು ಕಡೆಯ ಸಂಸಾರಗಳು ಬೇರೆಯಾಗುತ್ತವೆ. ಅಳತೆಗೆ ಸಿಗೋ ವ್ಯತ್ಯಾಸ ಹುಟ್ಟೋದು ಹೀಗೆ. ಗಂಗೆ ಮತ್ತು ಸಿಂಧೂ ಡಾಲ್ಫಿನ್‌ಗಳು ಬೇರೆ ಆದದ್ದೂ ಹೀಗೇ. ಆಮೇಲೆ ಮನುಷ್ಯರು ತಮ್ಮ ಗೋಡೆ ಸೇರಿಸಿದರು: ಮೇಲೆ ಕನ್ನಂಬಾಡಿ, ಕೆಳಗೆ ತಮಿಳುನಾಡಿನ ಮೆಟ್ಟೂರು.

ಮುತ್ತತ್ತಿ: ಗೂನುಬೆನ್ನಿನ ಮೀನು

ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಕಾಡಿನ ದಾರಿ ಹಿಡಿದರೆ ಮುತ್ತತ್ತಿ. ಸೀತೆಯ ಮುತ್ತಿನ ಮೂಗುತಿ ನೀರಿಗೆ ಬಿದ್ದಾಗ ಹನುಮಂತ ಬಾಲದಲ್ಲಿ ಎತ್ತಿ ಕೊಟ್ಟ, ಅದಕ್ಕೇ ಮುತ್ತೆತ್ತಿ, ದೇವರು ಮುತ್ತೆತ್ತರಾಯ ಅಂತ ಸ್ಥಳಪುರಾಣ. ಸುತ್ತ ಇರೋದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಬಂಡೆಗಳ ನಡುವೆ ನದಿ ಶಾಂತವಾಗಿ ಕಾಣುತ್ತೆ. ನಂಬಬೇಡಿ. ಒಳಗೆ ಮಡುಗಳಿವೆ, ಸುಳಿಗಳಿವೆ, ಪ್ರತಿ ವರ್ಷ ಈಜಲು ಇಳಿದವರ ಜೀವ ಹೋಗುತ್ತೆ.

ಈ ಆಳದ ಮಡುಗಳೇ ಮಹಶೀರ್ ಮೀನಿನ ಮನೆ. ಜಗತ್ತಿನ ಗಾಳ ಹಾಕುವವರೆಲ್ಲ ಕನಸು ಕಾಣೋ ಮೀನಿದು. ಕಾವೇರಿಯ ಮಹಶೀರ್‌ಗೆ ಬೆನ್ನ ಮೇಲೆ ಎದ್ದು ಕಾಣುವ ಗೂನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ ಸುಮಾರು 54 ಕಿಲೋ. ಒಬ್ಬ ವಯಸ್ಕ ಮನುಷ್ಯನ ತೂಕ!

ಇಷ್ಟು ಹೆಸರುವಾಸಿ ಮೀನಿಗೆ ತೀರಾ ಈಚಿನವರೆಗೂ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ ಅಂದ್ರೆ ನಂಬ್ತೀರಾ? ಎಲ್ಲ ಮಹಶೀರ್ ಒಂದೇ ಅನ್ನೋ ಹಾಗೆ ನಡೆದುಕೊಂಡೆವು. 1970ರ ದಶಕದಿಂದ ಮಹಶೀರ್ ಕಡಿಮೆ ಆಗ್ತಿದೆ ಅಂತ ಕಾಳಜಿಯಿಂದಲೇ ಕಾವೇರಿಗೆ ಮರಿ ತಂದು ಬಿಟ್ಟರು. ಆ ಮರಿಗಳು ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದವು, ನೀಲಿರೆಕ್ಕೆಯ ಮಹಶೀರ್. ಆ ಜಾತಿಯನ್ನು ಸೈಕ್ಸ್ ಅನ್ನೋ ಅಧಿಕಾರಿ 1839ರಲ್ಲಿ ವರ್ಣಿಸಿದ್ದು ಪುಣೆಯ ಮುಳಾ ಮುಠಾ ನದಿಯ ಮೀನು ನೋಡಿ. ಅಂದರೆ ಕೃಷ್ಣೆಯ ಬಳಗ. ಕಾವೇರಿಗೆ ನೆಂಟ, ಮನೆಮಗ ಅಲ್ಲ.

ಮುಂದೆ ಏನಾಯ್ತು ಅನ್ನೋದನ್ನು ಹೇಳಿದ್ದು ಗಾಳ ಹಾಕುವವರ ಡೈರಿ. ಇಲ್ಲಿನ ಸುತ್ತಮುತ್ತ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳಲ್ಲಿ ಮೀನು ಹಿಡಿದು, ತೂಕ ಬರೆದು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಆಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜೊತೆಗಾರರು ಕೂತು ವಿಶ್ಲೇಷಿಸಿದರು. ಮೊದಲ ನೋಟಕ್ಕೆ ಖುಷಿಯ ಸುದ್ದಿ: ಸಿಗುವ ಮಹಶೀರ್ ಸಂಖ್ಯೆ ಏರುತ್ತಿತ್ತು. ಬಿಡಿಸಿ ನೋಡಿದರೆ ಏರಿದ್ದು ನೀಲಿರೆಕ್ಕೆ. ಗೂನುಬೆನ್ನು ವರ್ಷದಿಂದ ವರ್ಷಕ್ಕೆ ಅಪರೂಪ ಆಗ್ತಾ ಇತ್ತು.

ನಾವು ಐಟಿಯವರಿಗೆ ಈ ಮೋಸ ಚೆನ್ನಾಗಿ ಗೊತ್ತು. ಡ್ಯಾಶ್‌ಬೋರ್ಡಿನಲ್ಲಿ ಒಟ್ಟು ಮೊತ್ತ ಹಸಿರು, ಒಳಗಿನ ಒಂದು ಕಾಲಂ ಕೆಂಪು. ಆ ಕಾಲಮ್ಮೇ ಇಲ್ಲದಿದ್ದರೆ ಕೆಂಪು ಕಾಣೋದೇ ಇಲ್ಲ. ಇಲ್ಲಿ ಇರದೇ ಹೋದ ಕಾಲಂ ಯಾವುದು? "ಯಾವೂರು?"

2018ರಲ್ಲಿ ಅದೇ ತಂಡ ಕಾವೇರಿ ಕಣಿವೆಯದೇ ಆದ ಮೋಯಾರ್ ನದಿಯ ಮೀನುಗಳ ಮೈಯಳತೆ, ಡಿಎನ್‌ಎ, ಹಳೆಯ ಫೋಟೋ ಎಲ್ಲ ಹೋಲಿಸಿ ಗಂಟು ಬಿಡಿಸಿತು. ಕೇರಳದ ಪಾಂಬಾರ್ ಹೊಳೆಯಿಂದ 2010ರಲ್ಲಿ ಹೆಸರಿಟ್ಟಿದ್ದ ಟಾರ್ ರೆಮಾದೇವಿಯೇ ನಮ್ಮ ಗೂನುಬೆನ್ನಿನ ಮಹಶೀರ್. ಪಾಂಬಾರ್ ಕೂಡ ಕಾವೇರಿಗೇ ಸೇರುವ ನೀರು. ಮತ್ಸ್ಯವಿಜ್ಞಾನಿ ಕೆ. ರೆಮಾದೇವಿಯವರ ಗೌರವಕ್ಕೆ ಇಟ್ಟ ಹೆಸರದು. ಕಾವೇರಿ ಕಣಿವೆ ಬಿಟ್ಟರೆ ಈ ಮೀನಿಗೆ ಜಗತ್ತಿನಲ್ಲಿ ಬೇರೆ ತವರಿಲ್ಲ. ಅದೇ ವರ್ಷ ಇದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಜಾಗತಿಕ ಪಟ್ಟಿಗೆ ಸೇರಿತು. ಹೆಸರು ಸಿಕ್ಕ ವರ್ಷವೇ ಅಪಾಯದ ಪಟ್ಟಿ.

ಅಳೆಯೋದಕ್ಕೂ ಬಿಡದ ಅಪರೂಪ

ಇಲ್ಲಿ ಡಾಲ್ಫಿನ್ನಿಗೂ ಮಹಶೀರಿಗೂ ಒಂದು ವ್ಯತ್ಯಾಸ ಬರುತ್ತೆ. ಡಾಲ್ಫಿನ್ ಕಿವಿಯ ಮೂಳೆ ಸತ್ತು ದಡಕ್ಕೆ ಬಂದ, ಬಲೆಗೆ ಸಿಕ್ಕಿ ಸತ್ತ ಪ್ರಾಣಿಯದು, ಇಲ್ಲವೇ ಮ್ಯೂಸಿಯಮ್ಮಿನ ಕಪಾಟಿನದು. ಎಲ್ಲಿ ಸಿಕ್ಕಿತು ಅನ್ನೋ ಚೀಟಿ ಅದಕ್ಕೆ ಅಂಟಿರಬೇಕು. ಚೀಟಿ ಇಲ್ಲದ ಮೂಳೆ ಬರೀ ಮೂಳೆ. ಮಹಶೀರ್‌ನ ಕಿವಿಗಲ್ಲು ತೆಗೀಬೇಕಾದರೆ ಮೀನು ಸಾಯಲೇಬೇಕು. ಬೆರಳೆಣಿಕೆಯಷ್ಟು ಉಳಿದಿರುವಾಗ ಅದನ್ನು ಯಾರು ಮಾಡ್ತಾರೆ? ರೆಕ್ಕೆಯ ಚೂರು, ಹೊರಗಿನ ಅಳತೆ, ಫೋಟೋ, ಇವುಗಳಲ್ಲೇ ಕೆಲಸ ಸಾಗಬೇಕು. ಅಳೆಯೋದನ್ನು ತಡ ಮಾಡಿದ್ದಕ್ಕೆ ನಾವು ಕೊಡ್ತಿರೋ ಬೆಲೆ ಇದು. ಮೀನು ಸಾಕಷ್ಟಿದ್ದಾಗ ಊರು ಕೇಳಲಿಲ್ಲ, ಈಗ ಕೇಳೋಕೆ ಮೀನೇ ಇಲ್ಲ.

ವನ್ಯಜೀವಿಧಾಮದೊಳಗೆ ಗಾಳ ಹಾಕೋದು 2012ರ ಹೊತ್ತಿಗೆ ನಿಂತಿತು. ಜೊತೆಗೆ ದಿನದಿನದ ಲೆಕ್ಕವೂ ನಿಂತಿತು. ಕದ್ದು ಸಿಡಿಮದ್ದು ಎಸೆದು ಮೀನು ಹಿಡಿಯೋರಿಗೆ ಮಾತ್ರ ಡೈರಿಯೂ ಬೇಡ, ಪರ್ಮಿಟ್ಟೂ ಬೇಡ. ನೀರೊಳಗೆ ಸ್ಫೋಟವಾದರೆ ಮೊದಲು ಒಡೆಯೋದು ಗಾಳಿಚೀಲ. ಸಣ್ಣ ಸದ್ದನ್ನೂ ಕಿವಿಗೆ ಮುಟ್ಟಿಸುವ ಆ ತಮಟೆಯೇ ಅದರ ಸಾವಿಗೆ ದಾರಿಯಾಗುತ್ತೆ.

ಹೋಗೋರಿಗೆ ಒಂದಿಷ್ಟು ಮಾತು

ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಟ್ಟರೆ ಸಂಜೆ ಕತ್ತಲಾಗೋ ಮೊದಲು ಕಾಡಿನ ದಾರಿಯಿಂದ ಹೊರಗೆ ಬರಬಹುದು. ಎಲ್ಲ ಒಂದೇ ದಿನ ತುರುಕಬೇಡಿ. ಮದ್ದೂರು, ಬ್ಲಫ್, ಮುತ್ತತ್ತಿ ಸಾಕು, ಕೊಕ್ಕರೆ ಬೆಳ್ಳೂರಿಗೆ ಇನ್ನೊಂದು ಭಾನುವಾರ ಇಡಿ. ಜಲಪಾತ ನೋಡೋಕೆ ಮಳೆಗಾಲ ಒಳ್ಳೇದು, ಮುತ್ತತ್ತಿಗೆ ಮಳೆ ಕಳೆದ ಮೇಲೆ. ಮುತ್ತತ್ತಿಯಲ್ಲಿ ನೀರಿಗೆ ಇಳಿಯಬೇಡಿ, ಪ್ಲಾಸ್ಟಿಕ್ ಬಿಡಬೇಡಿ.

ಇನ್ನೊಂದು ಮಾತು ನಮ್ಮ ಆಫೀಸಿನವರಿಗೆ. ನದಿಗೆ ಮೀನು ಮರಿ ಬಿಡೋ ಕಾರ್ಯಕ್ರಮಕ್ಕೆ ದುಡ್ಡು ಕೊಡಿ ಅಂತ ಯಾರಾದ್ರೂ ಬಂದರೆ, ಫೋಟೋಗೆ ನಿಲ್ಲೋ ಮೊದಲು ಮಂಡ್ಯದವರ ಪ್ರಶ್ನೆ ಕೇಳಿ: "ಯಾವೂರು ಮೀನು?" ಕೆರೆಗೆ ಬಿಟ್ಟು ಸಾಕಿ ತಿನ್ನೋದು ಬೇರೆ, ಹರಿಯೋ ನದಿಗೆ ಬಿಡೋದು ಬೇರೆ. ಆ ನದಿಯದೇ ಮೀನು ಅಂತ ಉತ್ತರ ಬಂದರೆ ಮಾತ್ರ ಚೆಕ್ಕಿಗೆ ಸಹಿ ಹಾಕಿ. ಕಾವೇರಿಗೆ ಬೇಕಿರೋದು ಬರೀ ಮೀನಲ್ಲ, ಅವಳದೇ ಮೀನು.